ಚಂಡೀಗಢ ಮಾದರಿಯ ತೇಗದ ಕುರ್ಚಿಗೆ ಮತ್ತೆ ಬೆತ್ತ ಹೆಣೆದ ಬಗೆ

ಚಂಡೀಗಢ ನಗರ ಕಟ್ಟುವಾಗ ಅಲ್ಲಿನ ಹೈಕೋರ್ಟು, ಸಚಿವಾಲಯ, ವಿಶ್ವವಿದ್ಯಾಲಯ, ಸರ್ಕಾರಿ ವಸತಿಗಳಿಗೆಂದು ವಾಸ್ತುಶಿಲ್ಪಿಗಳಾದ ಪಿಯರ್ ಜಾನೆರೆ, ಯೂಲಿ ಚೌಧರಿ ಮೊದಲಾದವರ ತಂಡ 1950ರ ದಶಕದಲ್ಲಿ ರೂಪಿಸಿದ ಬೆತ್ತದ ಈಸಿ ಚೇರಿನಲ್ಲಿ ಸ್ಪ್ರಿಂಗ್ ಇಲ್ಲ. ದಿಂಬು ಹಾಕಿದರೂ ಹಾಕದಿದ್ದರೂ ಮೈಭಾರ ಹೊರುವುದು ತೇಗದ ಚೌಕಟ್ಟಿಗೆ ಬಿಗಿದ ಹೆಣಿಗೆಯೇ. ಒಣಗುತ್ತ ಬೆತ್ತ ಚೌಕಟ್ಟನ್ನು ನಾಲ್ಕೂ ಕಡೆಯಿಂದ ಒಳಕ್ಕೆ ಎಳೆಯುತ್ತದೆ. ಆದ್ದರಿಂದ ನಾನು ಬೆತ್ತ ಮುಟ್ಟುವ ಮೊದಲು ಮರದ ಕೆಲಸವನ್ನೆಲ್ಲ ಮುಗಿಸಿಕೊಳ್ಳುತ್ತೇನೆ.

ನಾನು ಕೈಗೆತ್ತಿಕೊಂಡದ್ದು ಅದೇ ಮಾದರಿಯ, ಕೈವಾರ ಬಿಡಿಸಿ ನಿಲ್ಲಿಸಿದಂಥ ಕಾಲುಗಳ ಕುರ್ಚಿ. ಅದು ಅಸಲಿ ಎಂದು ಮಾರಿದವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅಸಲಿ ಕುರ್ಚಿಗಳ ಬೆನ್ನಿಗೆ ಬಣ್ಣದಲ್ಲಿ ಇಲಾಖೆಯ ಅಕ್ಷರ, ಸಂಖ್ಯೆ ಬರೆದಿರುತ್ತಿತ್ತು. ನಕಲು ಮಾಡುವವರಿಗೆ ಅತಿ ಸುಲಭವಾದದ್ದೂ ಅದೇ. ನಾನು ನೋಡುವುದು ಕಾಲಿನ ತಳದ ಸವೆತ, ಸೀಟಿನಡಿಯ ಮರದ ಬಣ್ಣ, ಸ್ಕ್ರೂ ತಲೆ. ಸೀಟಿನಡಿಯ ಮರಕ್ಕೂ ಮೇಲಿನ ಮರಕ್ಕೂ ಒಂದೇ ಗಾಢ ಬಣ್ಣವಿದ್ದರೆ ಅದು ಡಬ್ಬದಿಂದ ಬಂದದ್ದೆಂದು ಅನುಮಾನಿಸಬೇಕು. ಇನ್ನೊಂದು ಮಾತು: ಚಂಡೀಗಢದ ಈ ಪೀಠೋಪಕರಣಗಳನ್ನು ಉಳಿಸಿಕೊಳ್ಳಬೇಕೆಂದು ಕೇಂದ್ರ ಗೃಹ ಸಚಿವಾಲಯ 2011ರಲ್ಲೇ ಆದೇಶ ಹೊರಡಿಸಿದೆ. ಕಾಗದಪತ್ರವಿಲ್ಲದ 'ಅಸಲಿ'ಯ ತಂಟೆಗೆ ಹೋಗದಿರುವುದೇ ಲೇಸು. ನಿಜವಾದವನ್ನು ಕಣ್ಣಾರೆ ನೋಡಬೇಕಿದ್ದರೆ ಚಂಡೀಗಢದ ಸೆಕ್ಟರ್ 5ರಲ್ಲಿ ಜಾನೆರೆ ವಾಸವಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಹಳೆಯ ಬೆತ್ತ ಕತ್ತರಿಸುವ ಮೊದಲು ಮೇಲಿನಿಂದಲೂ ಅಡಿಯಿಂದಲೂ ಫೋಟೊ ತೆಗೆದುಕೊಳ್ಳಬೇಕು. ಮೂಲೆಯಲ್ಲಿ ಯಾವ ತೂತಿಗೆ ಎಷ್ಟು ಎಳೆ ಹೋಗಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ತೂತಿನಲ್ಲಿ ಉಳಿದ ತುಂಡುಗಳನ್ನು ಅಡಿಯಿಂದ ಮೇಲಕ್ಕೆ ಮೊಂಡು ಮೊಳೆಯಿಂದ ತಟ್ಟಿ ತೆಗೆದೆ. ಡ್ರಿಲ್ ಹಾಕಿದರೆ ತೂತು ದೊಡ್ಡದಾಗಿ, ಎರಡು ತೂತುಗಳ ನಡುವಿನ ಮರ ಸೀಳುವ ಅಪಾಯವಿದೆ. ಹಳೆಯ ಬೆತ್ತ ತುಂಡಾಗಿದ್ದುದು ಹೆಚ್ಚಾಗಿ ತೂತಿನ ಬಾಯಲ್ಲೇ. ಅಲ್ಲಿ ಮರದ ಅಂಚು ಹರಿತವಾಗಿದ್ದರೆ ಕೂತಾಗಲೆಲ್ಲ ಎಳೆಯನ್ನು ಕೊಯ್ಯುತ್ತದೆ. 180 ನಂಬರಿನ ಪಾಲಿಶ್ ಪೇಪರನ್ನು ಸುರುಳಿ ಮಾಡಿ ಪ್ರತಿ ತೂತಿನ ಬಾಯಿಯನ್ನೂ ನುಣುಪಾಗಿಸಿದೆ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಅಲ್ಲಾಡುವ ಕೂಡುಗಳಲ್ಲಿ ಹಳೆಯ ಮರವಜ್ರ (ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡುವ ಅಂಟು) ಇದ್ದರೆ ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಮೆತ್ತಗಾಗಿ ಬಿಡುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ. ತೇಗದಲ್ಲಿ ಸಹಜ ಎಣ್ಣೆಯಿದೆ, ಅದೂ ಅಂಟನ್ನು ತಡೆಯುತ್ತದೆ. ಕೂಡಿನ ಎರಡೂ ಮುಖವನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದು 24 ಗಂಟೆ ಬಿಡಬೇಕು. ಅರಾಲ್ಡೈಟ್ ಗಟ್ಟಿಯಾಗಿ ಹಿಡಿಯುತ್ತದೆ ನಿಜ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಮರವೇ ಕಿತ್ತು ಬರುತ್ತದೆ, ಹಾಗಾಗಿ ನಾನು ಬಳಸುವುದಿಲ್ಲ. ಎಣ್ಣೆಯೋ ಫ್ರೆಂಚ್ ಪಾಲಿಶ್ಶೋ, ಅದನ್ನೂ ಈಗಲೇ ಮುಗಿಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ.

ಬೆತ್ತದ ಅಗಲವನ್ನು ತೂತುಗಳ ಅಂತರ ಹೇಳುತ್ತದೆ. ತೂತಿನ ನಡುವಿನಿಂದ ಮುಂದಿನದರ ನಡುವಿಗೆ 12–13 ಮಿ.ಮೀ. ಇದ್ದರೆ 2.5 ಮಿ.ಮೀ. ಬೆತ್ತ, 16 ಇದ್ದರೆ 3, 19 ಇದ್ದರೆ 3.5. ಒಂದೊಂದು ತೂತಿನಲ್ಲೂ ಕಡೆಗೆ ನಾಲ್ಕು ಎಳೆ (ಎರಡು ನೇರ, ಎರಡು ಓರೆ) ಕೂರಬೇಕು, ಮೇಲೆ ತೂತುಗಳನ್ನು ಮುಚ್ಚುವ ಅಂಚುಪಟ್ಟಿಯ ಕಟ್ಟು ಬೇರೆ. ಅಗಲದ ಬೆತ್ತ ತಂದರೆ ಓರೆ ಎಳೆ ತೂರಿಸುವ ಹೊತ್ತಿಗೆ ತೂತು ತುಂಬಿರುತ್ತದೆ. 16 ಮಿ.ಮೀ. ಅಂತರದ 45×45 ಸೆಂ.ಮೀ. ಸೀಟಿಗೆ ಹಾಳಾಗುವುದೂ ಸೇರಿ ಸುಮಾರು 100 ಮೀಟರ್, ಬೆನ್ನಿಗೆ 80 ಮೀಟರ್ ಲೆಕ್ಕ ಹಾಕಿಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ನೆನೆದರೆ ಸಾಕು. ಗಂಟೆಗಟ್ಟಲೆ ಬಿಟ್ಟರೆ ಹೊಳಪು ಹೋಗಿ ಬೂದುಬಣ್ಣಕ್ಕೆ ತಿರುಗುತ್ತದೆ.

ಹೆಣಿಗೆ ಆರು ಸುತ್ತಿನದು: ಉದ್ದ, ಅಡ್ಡ, ಮತ್ತೆ ಉದ್ದ, ಮತ್ತೆ ಅಡ್ಡ, ಕೊನೆಗೆ ಎರಡು ಓರೆ. ಸೀಟು ಮುಂದೆ ಅಗಲ, ಹಿಂದೆ ಕಿರಿದು. ಹಾಗಾಗಿ ಮೊದಲ ಉದ್ದ ಎಳೆಯನ್ನು ಹಿಂದಿನ ಮತ್ತು ಮುಂದಿನ ಪಟ್ಟಿಗಳ ನಟ್ಟನಡುವಿನ ತೂತುಗಳಿಂದ ಶುರುಮಾಡಿ ಎರಡೂ ಕಡೆಗೆ ಸಾಗಬೇಕು. ಹೊಳಪಿನ ಮುಖ ಮೇಲೆ. ಒಂದು ತೂತಿನಲ್ಲಿಳಿದು ಪಕ್ಕದ ತೂತಿನಲ್ಲಿ ಮೇಲೇಳುವಾಗ ಬಿದಿರಿನ ಗೂಟ ತುರುಕಿ ಹಿಡಿದುಕೊಳ್ಳಬೇಕು. ಬದಿಯಲ್ಲಿ ಉಳಿಯುವ ಮೊಟಕು ಎಳೆಗಳನ್ನು ಬದಿಪಟ್ಟಿಯ ತೂತಿಗೆ ಇಳಿಸಬೇಕು. ಅವು ನಡುವಿನ ಎಳೆಗೆ ಸಮಾನಾಂತರವಾಗಿದ್ದರೆ ಸರಿ. ಎರಡನೆಯ ಸುತ್ತು ಅಡ್ಡ, ಮೊದಲಿನದರ ಮೇಲೆ ಸುಮ್ಮನೆ ಹಾಸುವುದು. ಮೂರನೆಯದು ಮತ್ತೆ ಉದ್ದ, ಅವೇ ತೂತುಗಳಲ್ಲಿ, ಮೊದಲಿನ ಎಳೆಯ ಬಲಕ್ಕೆ. ಹಾಸು–ಹೊಕ್ಕಿನ ಕೆಲಸ ನಾಲ್ಕನೆಯದರಲ್ಲಿ: ಅಡ್ಡ ಎಳೆ ಮೂರನೆಯ ಸುತ್ತಿನ ಮೇಲೆ, ಮೊದಲನೆಯದರ ಕೆಳಗೆ ತೂರುತ್ತ ಹೋಗುತ್ತದೆ. ಇಲ್ಲಿ ಬೆತ್ತ ಒದ್ದೆಯಾಗಿರಲೇಬೇಕು, ಒಣಗಿದರೆ ಅಂಚು ಸಿಬಿರೇಳುತ್ತದೆ. ಸುತ್ತು ಮುಗಿದ ಮೇಲೆ ಎರಡೆರಡು ಎಳೆಗಳನ್ನು ಗೂಟದ ತುದಿಯಿಂದ ಜೋಡಿ ಸೇರಿಸಿ ಚೌಕಗಳನ್ನು ತಿದ್ದಿಕೊಳ್ಳಬೇಕು.

ಬಿಗಿತದ ಅಂದಾಜು ಕೈಗೆ ಹತ್ತಬೇಕು. ಮೊದಲ ಸುತ್ತು ಬೆರಳಲ್ಲಿ ಒತ್ತಿದರೆ ಒಂದು ಸೆಂ.ಮೀ.ನಷ್ಟು ತಗ್ಗುವಂತಿರಲಿ. ಪ್ರತಿ ಸುತ್ತೂ ಹಿಂದಿನದನ್ನು ಬಿಗಿಮಾಡುತ್ತ ಬರುತ್ತದೆ. ಮೊದಲೇ ತಂತಿಯಂತೆ ಎಳೆದರೆ ಓರೆ ಎಳೆಗಳಿಗೆ ಜಾಗವಿರುವುದಿಲ್ಲ, ಒಣಗಿದ ಮೇಲೆ ಹೆಣಿಗೆ ಸಿಡಿಯುತ್ತದೆ.

ಐದು ಮತ್ತು ಆರನೆಯವು ಓರೆ. ಒಂದು ದಿಕ್ಕಿನದು ಉದ್ದ ಜೋಡಿಗಳ ಮೇಲೆ, ಅಡ್ಡ ಜೋಡಿಗಳ ಕೆಳಗೆ. ಎದುರು ದಿಕ್ಕಿನದು ಇದರ ತಿರುಗುಮುರುಗು. ಸರಿಯಾಗಿದ್ದರೆ ಎಳೆ ಚೌಕದ ಮೂಲೆಗೆ ಜಾರಿ ಕೂರುತ್ತದೆ. ಎಳೆಯುವಾಗ ಕಚ್ಚಿಕೊಂಡು ಉಜ್ಜಿದರೆ ಮೇಲು–ಕೆಳಗು ಅದಲುಬದಲಾಗಿದೆ ಎಂದರ್ಥ. ಅಲ್ಲೇ ಬಿಚ್ಚಿ. ಹಾಗೇ ಬಿಟ್ಟರೆ ಅದೇ ಜಾಗದಲ್ಲಿ ಮೊದಲು ಸವೆಯುತ್ತದೆ. ಬಾಗಿದ ಬೆನ್ನಿನ ಚೌಕಟ್ಟಿಗೆ ಅಡ್ಡ ಎಳೆಗಳನ್ನು ಸಡಿಲ ಬಿಡಬೇಕು, ಇಲ್ಲವಾದರೆ ಹೆಣಿಗೆ ಬಾಗನ್ನು ಬಿಟ್ಟು ಚಪ್ಪಟೆಯಾಗಿ ನಿಲ್ಲುತ್ತದೆ. ಕೊನೆಗೆ 5–6 ಮಿ.ಮೀ. ಅಗಲದ ಬೆತ್ತವನ್ನು ತೂತುಗಳ ಸಾಲಿನ ಮೇಲಿಟ್ಟು ತೆಳು ಬೆತ್ತದಿಂದ ಕಟ್ಟಿದರೆ ಅಂಚು ಮುಗಿಯಿತು.

ಬಡಗಿಗಳು ಅಂಚಿನಲ್ಲಿ ಗಾಡಿ (ಮರದಲ್ಲಿ ಕೊರೆದ ಉದ್ದನೆಯ ಕಾಲುವೆ) ಹೊಡೆದು ಮಿಷಿನ್ ಹೆಣಿಗೆಯ ಹಾಳೆ ಕೂರಿಸೋಣ ಎನ್ನುತ್ತಾರೆ. ತೂತಿನ ಚೌಕಟ್ಟಿಗೆ ಅದು ಬೇಡ: ಗಾಡಿ ತೂತಿನ ಸಾಲನ್ನೇ ಸೀಳಿಕೊಂಡು ಹೋಗುತ್ತದೆ, ಮತ್ತೆಂದೂ ಕೈಹೆಣಿಗೆ ಹಾಕುವಂತಿಲ್ಲ.

ಹೆಣೆದ ಮೇಲೆ ಎರಡು ದಿನ ನೆರಳಲ್ಲಿ ಒಣಗಲಿ, ಆಮೇಲೆ ಕೂರಬಹುದು. ಬೆತ್ತದ ಮೇಲೆ ವಾರ್ನಿಶ್ ಬೇಡ, ಬಿರುಕು ಬಿಟ್ಟು ಸಿಪ್ಪೆಯೇಳುತ್ತದೆ. ಬೇಸಿಗೆಯಲ್ಲಿ ಸೀಟು ಜೋತರೆ ಅಡಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ರಾತ್ರಿ ಬಿಟ್ಟರೆ ಬಿಗಿಯಾಗುತ್ತದೆ. ಮೇಲ್ಮುಖದ ಹೊಳಪು ನೀರು ಹೀರುವುದಿಲ್ಲ. ಮಲೆನಾಡು, ಕರಾವಳಿಯ ಮನೆಯಾದರೆ ಮಳೆಗಾಲದಲ್ಲಿ ಗೋಡೆಗೆ ಒತ್ತಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಕುರ್ಚಿಯಡಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಸಾಮಾನ್ಯವಾಗಿ ಹುಳು ಇರುವುದು ಬೆತ್ತದಲ್ಲಿ, ತೇಗದ ಕೆಚ್ಚಿನಲ್ಲಲ್ಲ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬೊರಾಕ್ಸ್, 20 ಗ್ರಾಂ ಬೋರಿಕ್ ಪುಡಿ ಕರಗಿಸಿ ಅಡಿಯಿಂದ ಬ್ರಷ್‌ನಲ್ಲಿ ಎರಡು ಸಲ ಹಚ್ಚಬೇಕು. ಪುಡಿ ಬೀಳುವುದು ನಿಲ್ಲದಿದ್ದರೆ ಆ ಹೆಣಿಗೆಯನ್ನು ಕತ್ತರಿಸಿ ಸುಟ್ಟುಹಾಕಿ.