ಪುತ್ತರಿಗೆ ಮನೆ ಬೀಗ ಹಾಕುವ ಮುನ್ನ

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಮಡಿಕೇರಿಯ ಮನೆಗೆ ಬೀಗ ಹಾಕಿ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಹೊರಡುವವರು, ಮನೆ ಎಷ್ಟು ದಿನ ಖಾಲಿಯಿರುತ್ತದೆ ಎಂಬುದನ್ನು ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ, ರಾತ್ರಿ ಗಸ್ತಿನವರು ಆ ಕಡೆ ಒಮ್ಮೆ ಕಣ್ಣು ಹಾಯಿಸುವಂತೆ ಕೇಳಿಕೊಳ್ಳಬೇಕೆಂದು ನನ್ನ ಕಳಕಳಿಯ ವಿನಂತಿ. ಕಳೆದ ವರ್ಷ ನಮ್ಮ ಗೇಟಿನ ಬಳಿ ಮೂರು ದಿನದ ಪತ್ರಿಕೆಗಳು ಮಂಜಿಗೆ ನೆನೆದು ಮುದ್ದೆಯಾಗಿ ಬಿದ್ದಿದ್ದವು. ಹಗಲಲ್ಲೂ ಉರಿಯುತ್ತಿದ್ದ ಜಗಲಿಯ ದೀಪವೂ ಸೇರಿ, ಒಳಗೆ ಯಾರೂ ಇಲ್ಲವೆಂದು ದಾರಿಹೋಕರಿಗೆಲ್ಲ ಸಾರುತ್ತಿದ್ದವು. ಹಿಂಬಾಗಿಲ ಚಿಲಕ ಮುರಿದಿತ್ತು. ಆದ್ದರಿಂದ ಪತ್ರಿಕೆ, ಹಾಲು ನಿಲ್ಲಿಸಿ, ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸುವಂತೆ ನೆರೆಯವರಿಗೆ ಹೇಳಿ ಹೋಗಿ. ಒಡವೆಗಳು ಬ್ಯಾಂಕ್ ಲಾಕರ್‌ನಲ್ಲಿರಲಿ. ಮರಳಿದಾಗ ಬಾಗಿಲು ತೆರೆದಿರುವುದು ಕಂಡರೆ, ಬೆರಳಚ್ಚು ಅಳಿಸಿಹೋಗದಂತೆ ಏನನ್ನೂ ಮುಟ್ಟದೆ, ಒಳಗೂ ಕಾಲಿಡದೆ, ಹೊರಗಿನಿಂದಲೇ 112ಕ್ಕೆ ಕರೆ ಮಾಡಿ.