ಗೂಡ್ಸ್ ಡಬ್ಬಿಗೆ ಕಲ್ಲಿದ್ದಲು ತುಂಬಿದ್ದು ಹೀಗೆ

ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಗೂಡ್ಸ್ ಗಾಡಿಯ ಕಲ್ಲಿದ್ದಲು ಸರಿಯಾಗಿ ಕಾಣುವುದೇ ಇಲ್ಲ. ತುಕ್ಕು ಹಿಡಿದ ಡಬ್ಬಿಯ ಗೋಡೆ, ಅಂಚಿನ ಮೇಲೆ ಇಣುಕುವ ಒಂದಿಷ್ಟು ಕರಿ ಗುಡ್ಡೆ, ಅಷ್ಟೇ. ಮೇಜಿನ ಮೇಲೆ ಓಡುವ ಮಾದರಿ ರೈಲಿನದು ಇದಕ್ಕೆ ಉಲ್ಟಾ. ಅದನ್ನು ನಾವು ಯಾವಾಗಲೂ ಮೇಲಿನಿಂದಲೇ ನೋಡುತ್ತೇವೆ, ಮೊದಲು ಕಣ್ಣಿಗೆ ಬೀಳುವುದೇ ಲೋಡು. ಎಂಜಿನ್‌ಗೆ ಎಷ್ಟೇ ಚೆಂದ ಬಣ್ಣ ಬಳಿದಿರಲಿ, ಹಿಂದಿನ ಡಬ್ಬಿಗಳಲ್ಲಿ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೂತಿದ್ದರೆ ಇಡೀ ಗಾಡಿ ಆಟಿಕೆಯಾಗಿಬಿಡುತ್ತದೆ.

ರಾಯಚೂರಿನವನಾದ್ದರಿಂದ ನನಗೊಂದು ಅನುಕೂಲವಿತ್ತು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಈಗ ಅಲ್ಲಿ ಎಂಟು ಘಟಕ, 1720 ಮೆಗಾವ್ಯಾಟ್. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ, ಮಹಾರಾಷ್ಟ್ರದ ಕಡೆಯಿಂದ ರೇಕುಗಳು, ಅಂದರೆ ಕಲ್ಲಿದ್ದಲು ತುಂಬಿದ ಇಡೀ ಗೂಡ್ಸ್ ಗಾಡಿಗಳು, ಬರುತ್ತವೆ. ಗುತ್ತಿಗೆಯ ಮೇಲೆ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಎತ್ತರದಲ್ಲಿ ನಿಂತು ತುಂಬಿದ ಡಬ್ಬಿಗಳನ್ನು ಕೆಳಗೆ ನೋಡಿದ್ದೇನೆ. ಆಗ ತಲೆಯಲ್ಲಿ ಕೂತದ್ದು ಒಂದೇ ಮಾತು: ಲೋಡು ಎಂದರೆ ಬಣ್ಣ ಬಳಿದ ಗುಡ್ಡೆಯಲ್ಲ. ಅದನ್ನು ಯಾರೋ, ಯಾವುದೋ ಯಂತ್ರದಿಂದ, ಯಾವುದೋ ಕಡೆ ಸುರಿದಿದ್ದಾರೆ, ಆ ಗುರುತು ಅದರ ಮೇಲೆ ಉಳಿದಿರುತ್ತದೆ. ಅದು ಕಾಣಬೇಕು.

ಮೊದಲು ಕಾಳಿನ ಗಾತ್ರ. ತಂಗಿಯ ಮಗ ಒಮ್ಮೆ ನನ್ನ ಡಬ್ಬಿಗಳನ್ನು ನೋಡಿ, “ಮಾಮಾ, ಇದರೊಳಗ ಗುರೆಳ್ಳು ತುಂಬೀರೇನು?” ಎಂದ. ನಕ್ಕೆ, ಆದರೆ ಅವನು ಹೇಳಿದ್ದು ಖರೆ. ಆ ಲೋಡು ಪೇಟೆಯಿಂದ ತರಿಸಿದ ಸಿದ್ಧ ಮಾಲು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾನು ಮಾಡುವುದು ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲು. ವಿದ್ಯುತ್ ಸ್ಥಾವರಕ್ಕೆ ಕಳಿಸುವ ಕಲ್ಲಿದ್ದಲನ್ನು ಗಣಿಯ ಹತ್ತಿರವೇ 100 ಮಿ.ಮೀ.ಗಿಂತ ಸಣ್ಣದಾಗಿ ಒಡೆಯುವುದು ವಾಡಿಕೆ. ಅದು ನಮ್ಮ ಅಳತೆಯಲ್ಲಿ 1.15 ಮಿ.ಮೀ. ನಾಲ್ಕು ಮಿ.ಮೀ. ಉದ್ದದ ಕಾಳು ಹಾಕಿದರೆ ಒಂದೊಂದು ತುಂಡೂ ಒಂದಡಿಗಿಂತ ದೊಡ್ಡ ಬಂಡೆ. ಹಾಗಾಗಿ ಹೆಚ್ಚಿನ ಪಾಲು ಒಂದು ಮಿ.ಮೀ.ಗಿಂತ ಸಣ್ಣದಿರಬೇಕು, ಅದರಲ್ಲೂ ಅರ್ಧದಷ್ಟು ರವೆ, ಪುಡಿ. ಅಲ್ಲೊಂದು ಇಲ್ಲೊಂದು ಎರಡು ಮಿ.ಮೀ. ತುಂಡು ಇದ್ದರೆ ತಪ್ಪಿಲ್ಲ, ಒಡೆಯದ ಹೆಂಟೆ ನಿಜದ ರೇಕಿನಲ್ಲೂ ಬರುತ್ತದೆ.

ಮಾಲು ಯಾವುದು? ಕಲ್ಲಿದ್ದಲಿಗೆ ಕಲ್ಲಿದ್ದಲೇ. ಇಸ್ತ್ರಿ ಅಂಗಡಿಯ ಕಟ್ಟಿಗೆ ಇದ್ದಿಲು ಆಗುವುದಿಲ್ಲ. ಅದು ಹಗುರ, ಮೈಯೆಲ್ಲ ತೂತು, ಹೊಳಪಿಲ್ಲ. ಕಲ್ಲಿದ್ದಲನ್ನು ಎಷ್ಟು ಸಣ್ಣಗೆ ಒಡೆದರೂ ಒಡೆದ ಮುಖ ಮಿನುಗುತ್ತದೆ. ಆ ಮಿನುಗನ್ನು ಬಣ್ಣದಲ್ಲಿ ತರಲು ನನ್ನಿಂದಂತೂ ಆಗಿಲ್ಲ. ಕಮ್ಮಾರರ ಕುಲುಮೆಯಲ್ಲಿ ಕೇಳಿದರೆ ಒಂದು ಬೊಗಸೆ ಕೊಡುತ್ತಾರೆ, ಹತ್ತಾರು ಡಬ್ಬಿಗೆ ಅಷ್ಟು ಸಾಕು. ಹಳಿ ಪಕ್ಕದಲ್ಲಿ ಬಿದ್ದದ್ದನ್ನು ಆರಿಸಲು ಹೋಗಬೇಡಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಮೇಲೆ 1966ರ ಕಾಯ್ದೆಯೇ ಇದೆ, ಹವ್ಯಾಸ ಎಂದರೆ ರೈಲ್ವೆ ರಕ್ಷಣಾ ದಳದವರು (ಆರ್‌ಪಿಎಫ್) ಕೇಳುವುದಿಲ್ಲ.

ಒಡೆಯುವಾಗ ಹಳೆಯ ಗೋಣಿಚೀಲದ ತುಂಡಿನಲ್ಲಿ ಸುತ್ತಿ, ನೀರು ಚಿಮುಕಿಸಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತೇನೆ. ಒಣಗಿದ್ದನ್ನು ಒಡೆದರೆ ಪುಡಿ ಮನೆಯೆಲ್ಲ ಹಾರುತ್ತದೆ. ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಅಡುಗೆಮನೆಯ ಖಲಬತ್ತಿಗೆ ಕೈ ಹಾಕದಿದ್ದರೆ ಸಂಸಾರಕ್ಕೂ ಕ್ಷೇಮ. ಆಮೇಲೆ ಬಿಸಿಲಿಗೆ ಒಣಗಿಸಿ ಜರಡಿ ಹಿಡಿಯುವುದು. ಚಹಾ ಸೋಸುವ ಸ್ಟೀಲ್ ಜಾಳಿಗೆ ಕೊಳ್ಳುವಾಗ ಸ್ಕೇಲ್ ಹಿಡಿದು ನೋಡಿ, ಒಂದು ಸೆಂ.ಮೀ.ನಲ್ಲಿ ಏಳೆಂಟು ಕಣ್ಣು ಬಂದರೆ ಅದು ನಮಗೆ ಬೇಕಾದದ್ದು. ಅದರಿಂದ ಇಳಿದದ್ದನ್ನು ಮತ್ತೆ ತೆಳು ಬಟ್ಟೆಯಲ್ಲಿ ಸೋಸಿ ಪುಡಿಯನ್ನು ಬೇರೆ ಮಾಡುತ್ತೇನೆ. ಹೀಗೆ ಮೂರು ಬಾಟಲಿ: ಹರಳು, ರವೆ, ಪುಡಿ.

ಇನ್ನು ಬಣ್ಣ. ನಮ್ಮ ದೇಶದ ಕಲ್ಲಿದ್ದಲು ಕಾಡಿಗೆಯಂತೆ ಕಪ್ಪಲ್ಲ. ಸ್ಥಾವರಗಳಿಗೆ ಬರುವುದರಲ್ಲಿ ನೂರಕ್ಕೆ 35–40ರ ಆಸುಪಾಸು ಬೂದಿಯ ಅಂಶವೇ ಇರುತ್ತದೆ. ಜೇಡಿಕಲ್ಲಿನ ಚೂರು ಸೇರಿರುತ್ತದೆ. ಬಿಸಿಲಿನಲ್ಲಿ ನಿಂತ ರೇಕನ್ನು ಮೇಲಿನಿಂದ ನೋಡಿದರೆ ಬೂದುಗಪ್ಪು, ಅಲ್ಲಲ್ಲಿ ಕಂದು ಛಾಯೆ. ಕುಲುಮೆಯ ಕಲ್ಲಿದ್ದಲು ಇದಕ್ಕಿಂತ ಒಳ್ಳೆಯದು, ಹಾಗಾಗಿ ಹೆಚ್ಚು ಕಪ್ಪು. ಅದನ್ನು ಕೆಡಿಸಬೇಕು! ಹಾರುಬೂದಿ ಇಟ್ಟಿಗೆ ಮಾಡುವವರ ಹತ್ತಿರ ಒಂದು ಡಬ್ಬಿ ಬೂದಿ ಇಸಿದುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಹತ್ತು ಚಮಚ ರವೆಗೆ ಅರ್ಧ ಚಮಚ ಬೂದಿ, ಒಂದು ಚಿಟಿಕೆ ಕಂದು ಕಲ್ಲಿನ ಪುಡಿ. ಹೆಚ್ಚಾದರೆ ಸಿಮೆಂಟಿನಂತೆ ಕಾಣುತ್ತದೆ, ಸ್ವಲ್ಪಸ್ವಲ್ಪವೇ ಸೇರಿಸಿ.

ಈಗ ಆಕಾರ. ಇಲ್ಲಿ ಸಮಯ ಕೊಡಬೇಕು. ನಮ್ಮ ರೈಲ್ವೆ ಕಲ್ಲಿದ್ದಲಿಗೆ ಬಳಸುವ, ಮೇಲೆ ತೆರೆದಿರುವ ಬಾಕ್ಸ್-ಎನ್ ಡಬ್ಬಿಯ ಒಳಗು 9.784 ಮೀಟರ್ ಉದ್ದ, 2.95 ಅಗಲ, 1.95 ಎತ್ತರ. ಎಚ್‌ಒದಲ್ಲಿ ಇದು 112.5, 34, 22.4 ಮಿ.ಮೀ. ಆಗುತ್ತದೆ. ಗಣಿಯ ಸೈಡಿಂಗ್‌ನಲ್ಲಿ ಪೇಲೋಡರ್‌ನಿಂದ (ಮುಂದೆ ದೊಡ್ಡ ಬಕೆಟ್ ಇರುವ ಯಂತ್ರ) ತುಂಬಿದ್ದರೆ ಬಕೆಟ್ ಸುರಿದ ಜಾಗದಲ್ಲೆಲ್ಲ ಒಂದೊಂದು ಗುಡ್ಡೆ, ನಡುವೆ ತಗ್ಗು. ಪೇಲೋಡರ್ ಒಂದೇ ಕಡೆ ನಿಂತು ಸುರಿಯುವುದರಿಂದ ಗುಡ್ಡೆಗಳ ತುದಿ ಡಬ್ಬಿಯ ನಟ್ಟನಡುವೆ ಬರುವುದಿಲ್ಲ, ಒಂದು ಮಗ್ಗುಲಿಗೆ ಸರಿದಿರುತ್ತದೆ. ಸೈಲೋ, ಅಂದರೆ ಕಲ್ಲಿದ್ದಲು ತುಂಬಿಟ್ಟ ಎತ್ತರದ ಕಣಜದ ಕೆಳಗೆ ಗಾಡಿ ಮೆಲ್ಲಗೆ ಚಲಿಸುತ್ತಿರುವಾಗಲೇ ತುಂಬಿದ್ದರೆ ಉದ್ದಕ್ಕೂ ಒಂದೇ ದಿಬ್ಬ, ನೆತ್ತಿ ಚಪ್ಪಟೆ, ಎರಡೂ ತುದಿಗೆ ಇಳಿಜಾರು. ಒಂದೇ ರೇಕಿನಲ್ಲಿ ಎರಡೂ ಬಗೆ ಬೆರೆಸಬೇಡಿ. ಇಡೀ ರೇಕು ಸಾಮಾನ್ಯವಾಗಿ ಒಂದೇ ಕಡೆ ತುಂಬಿರುತ್ತದೆ. ಹಾಗೆಂದು ಒಂದೇ ಅಚ್ಚಿನಲ್ಲಿ ತೆಗೆದಂತೆಯೂ ಇರಬಾರದು.

ತಳಕ್ಕೆ ದಪ್ಪ ಥರ್ಮಾಕೋಲ್ ತುಂಡು, ಸುತ್ತಲೂ ಅರ್ಧ ಮಿ.ಮೀ. ಸಡಿಲ. ಇಳಿಜಾರು 35ರಿಂದ 40 ಡಿಗ್ರಿ ಒಳಗೆ ಇರಲಿ, ಕಲ್ಲಿದ್ದಲು ಅದಕ್ಕಿಂತ ಕಡಿದಾಗಿ ನಿಲ್ಲುವುದಿಲ್ಲ. ಗೋಡೆಯ ಹತ್ತಿರ ಅಂಚಿಗಿಂತ ಎರಡು ಮಿ.ಮೀ. ಕೆಳಗೆ, ನೆತ್ತಿಯಲ್ಲಿ ಅಂಚಿಗಿಂತ ನಾಲ್ಕೈದು ಮಿ.ಮೀ. ಮೇಲೆ. ಚೂಪು ತುದಿ ಬೇಡ. ನೂರಾರು ಕಿಲೋಮೀಟರ್ ಅದುರಿಕೊಂಡು ಬಂದ ಲೋಡಿನ ನೆತ್ತಿ ಕುಸಿದು ದುಂಡಗಾಗಿರುತ್ತದೆ. ಥರ್ಮಾಕೋಲಿಗೆ ಸ್ಪ್ರೇ ಪೇಂಟ್ ಹೊಡೆದರೆ ಅದು ಕರಗುತ್ತದೆ, ನೀರಿನಲ್ಲಿ ಕಲಸುವ ಅಕ್ರಿಲಿಕ್ ಕಪ್ಪನ್ನೇ ಬಳಿಯಿರಿ.

ಬಣ್ಣ ಆರಿದ ಮೇಲೆ ಫೆವಿಕಾಲ್ ಸವರಿ ರವೆ ಉದುರಿಸುವುದು. ಎಲ್ಲ ಕಡೆ ಒಂದೇ ಸಮ ಉದುರಿಸಿದರೆ ಉಪ್ಪಿನ ಕಾಗದ ಅಂಟಿಸಿದ ಹಾಗಿರುತ್ತದೆ. ಯಾವುದೇ ರಾಶಿಯನ್ನು ನೋಡಿ, ದಪ್ಪ ತುಂಡುಗಳು ಉರುಳಿ ಬುಡಕ್ಕೆ ಹೋಗುತ್ತವೆ, ಸಣ್ಣದು ಬಿದ್ದಲ್ಲೇ ಮೇಲೆ ಉಳಿಯುತ್ತದೆ. ಆದ್ದರಿಂದ ಹರಳನ್ನು ಚಿಮಟದಲ್ಲಿ ಹಿಡಿದು ತಗ್ಗುಗಳಲ್ಲಿ, ಗೋಡೆಯ ಬುಡದಲ್ಲಿ, ನಾಲ್ಕು ಮೂಲೆಯಲ್ಲಿ ಇಡುತ್ತೇನೆ. ನೆತ್ತಿಗೆ ರವೆ ಮತ್ತು ಪುಡಿ. ಇಷ್ಟು ಮಾಡಿದ ಮೇಲೆ ಲೋಡು ಒಮ್ಮೆಲೇ ಜೀವ ಪಡೆಯುತ್ತದೆ, ನೋಡಿದವರಿಗೆ ಏಕೆ ಎಂದು ಗೊತ್ತಾಗದಿದ್ದರೂ.

ಮೇಲಿನ ಪದರ ಗಟ್ಟಿಯಾಗಲು ಒಂದು ಪಾಲು ಫೆವಿಕಾಲಿಗೆ ನಾಲ್ಕು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಇಲ್ಲದಿದ್ದರೆ ಹನಿ ಪುಡಿಯ ಮೇಲೆ ಗುಂಡಗೆ ನಿಂತು ಉರುಳುತ್ತದೆ, ಒಳಗೆ ಇಳಿಯುವುದಿಲ್ಲ. ಮೊದಲು ಸೋಪುನೀರನ್ನು ಮಂಜಿನಂತೆ ಸಿಂಪಡಿಸಿ, ಆಮೇಲೆ ಡ್ರಾಪರ್‌ನಲ್ಲಿ ಅಂಟು ಬಿಡಿ. ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಇಟ್ಟರೆ ಸಂಜೆಗೆ ಕಲ್ಲಾಗಿರುತ್ತದೆ.

ತೀರ ಕೊನೆಗೆ ಸುಣ್ಣ. ತುಂಬಿದ ರೇಕಿನ ಮೇಲೆ ಸುಣ್ಣದ ನೀರು ಸಿಂಪಡಿಸುವ ರೂಢಿ ಇದೆ. ದಾರಿಯಲ್ಲಿ ಯಾರಾದರೂ ತೋಡಿ ತೆಗೆದರೆ ಬಿಳಿಯ ನಡುವೆ ಕಪ್ಪು ತೇಪೆ ಎದ್ದು ಕಾಣುತ್ತದೆ. ಬಿಳಿ ಅಕ್ರಿಲಿಕ್ಕನ್ನು ಬಹಳ ತೆಳ್ಳಗೆ ಮಾಡಿ, ಹಳೆಯ ಹಲ್ಲುಜ್ಜುವ ಬ್ರಷ್‌ನ ಎಳೆಗಳನ್ನು ಹೆಬ್ಬೆರಳಿನಿಂದ ಮೀಟಿ ಹಾರಿಸಿ. ನೆತ್ತಿಯ ಮೇಲೆ ಹೆಚ್ಚು, ತಗ್ಗಿನಲ್ಲಿ ಕಡಿಮೆ. ಒಂದು ಡಬ್ಬಿಯಲ್ಲಿ ಬೇಕೆಂದೇ ಒಂದು ಗುಳಿ ಮಾಡಿ ಅಲ್ಲಿ ಸುಣ್ಣ ಹಾಕದೆ ಬಿಟ್ಟಿದ್ದೇನೆ. ನೋಡಲು ಬಂದವರಲ್ಲಿ ರೈಲ್ವೆಯವರು ಮಾತ್ರ ಅದನ್ನು ಕಂಡು ನಗುತ್ತಾರೆ.

ಬಳ್ಳಾರಿ, ಹೊಸಪೇಟೆ ಕಡೆಯ ಗೆಳೆಯರಿಗೆ ಒಂದು ಮಾತು. ಇದೇ ಲೋಡಿಗೆ ಕೆಂಪು ಬಳಿದರೆ ಅದು ಕಬ್ಬಿಣದ ಅದಿರು ಆಗುವುದಿಲ್ಲ. ಡಬ್ಬಿಯ ಒಳಗಿನ ಜಾಗ ಸುಮಾರು 56 ಘನ ಮೀಟರ್, ಹಳೆಯ ಬಾಕ್ಸ್-ಎನ್ ಹೊರುವುದು 58 ಟನ್ ಆಸುಪಾಸು. ಕಲ್ಲಿದ್ದಲು ಅಷ್ಟು ತೂಗಬೇಕಾದರೆ ಅಂಚು ಮೀರಿ ತುಂಬಬೇಕು. ಅದಿರಾದರೆ ಅರ್ಧ ಡಬ್ಬಿಯೂ ತುಂಬುವ ಮೊದಲೇ ತೂಕ ಮುಗಿಯಿತು. ಆದ್ದರಿಂದ ಅದಿರಿನ ಲೋಡು ಒಳಗೆ ಆಳದಲ್ಲಿ ತಗ್ಗಾಗಿ ಬಿದ್ದಿರಬೇಕು, ಗೋಡೆಯ ಒಳಮೈಯ ಮೇಲ್ಭಾಗ ಪೂರ್ತಿ ಕಾಣಬೇಕು.

ತೂಕದ ಮಾತು ಬಂತು. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒ ಡಬ್ಬಿಗೆ ಸೂಚಿಸುವುದು ಒಂದು ಔನ್ಸ್, ಅದರ ಮೇಲೆ ಇಂಚಿಗೆ ಅರ್ಧ ಔನ್ಸ್. 123 ಮಿ.ಮೀ. ಉದ್ದದ ನಮ್ಮ ಡಬ್ಬಿಗೆ ಇದು ಸುಮಾರು 97 ಗ್ರಾಂ. ಕಡಿಮೆಯಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ಥರ್ಮಾಕೋಲ್ ಕೆಳಗೆ ಕಬ್ಬಿಣದ ನಟ್‌ಗಳನ್ನು ಅಂಟಿಸಿ, ಭಾರ ಕೆಳಗಿದ್ದಷ್ಟೂ ಒಳ್ಳೆಯದು. ಇನ್ನೊಂದು ವಾಷರನ್ನು ನೆತ್ತಿಯ ಪದರದ ಅಡಿಯಲ್ಲೇ ಹೂತಿಟ್ಟರೆ ಅಯಸ್ಕಾಂತ ತೋರಿಸಿ ಲೋಡನ್ನು ಎತ್ತಬಹುದು, ಬೆರಳು ತಾಗಿ ಅಂಚು ಉದುರುವುದಿಲ್ಲ. ಆದರೆ ನಟ್‌ಗಳು ಲೋಡಿನ ಜೊತೆ ಮೇಲೆ ಬಂದರೆ ಖಾಲಿ ಡಬ್ಬಿ ಹಗುರಾಗುತ್ತದೆ. ಖಾಲಿ ಓಡಿಸುವವರು ಅವನ್ನು ಡಬ್ಬಿಯ ಅಡಿಗೇ ಅಂಟಿಸಲಿ.

ಲೋಡು ತೆಗೆದಾಗ ಒಳಗೆ ಹೊಸ ಬಣ್ಣ ಹೊಳೆದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಒಳಗೋಡೆಗೆ ತುಕ್ಕಿನ ಬಣ್ಣ, ಅದರ ಮೇಲೆ ಕಲ್ಲಿದ್ದಲು ಉಜ್ಜಿದ ಕಪ್ಪು ಗೀರು. ಟಿಪ್ಲರ್ ಯಂತ್ರ ಡಬ್ಬಿಯನ್ನೇ ಮಗುಚಿ ಲೋಡು ಸುರಿದರೂ ಮೂಲೆಯಲ್ಲಿ ಒಂದಿಷ್ಟು ಅಂಟಿಕೊಂಡೇ ಇರುತ್ತದೆ, ಮಳೆಗಾಲದಲ್ಲಂತೂ ಒದ್ದೆ ಪುಡಿ ಕೆಸರಿನಂತೆ ಹಿಡಿದಿರುತ್ತದೆ. ಮೂರನೆಯ ಬಾಟಲಿಯ ಪುಡಿಯನ್ನು ಅದಕ್ಕೇ ಉಳಿಸಿಕೊಳ್ಳಿ.