ಇಪ್ಪತ್ತೈದು ಜನರ ಬುತ್ತಿ: ಪುಳಿಯೋಗರೆ, ಮೊಸರನ್ನ, ತಲಕಾಡಿನ ಒಂದು ದಿನ

ಮೈಸೂರಿನಿಂದ ಬೆಳಗ್ಗೆ ಏಳಕ್ಕೆ ಹೊರಟು, ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಹೋಗಿ, ತಲಕಾಡು ನೋಡಿಕೊಂಡು ಕತ್ತಲಾಗುವಷ್ಟರಲ್ಲಿ ಮನೆ ಸೇರುವ ಪ್ರವಾಸಕ್ಕೆ ನಾನು ಕಟ್ಟುವ ಬುತ್ತಿಯ ಲೆಕ್ಕ ಇದು. ಮನೆಮಂದಿ, ಸ್ನೇಹಿತರ ಎರಡು ಸಂಸಾರ, ಮಕ್ಕಳು ಎಲ್ಲ ಸೇರಿ 25 ಜನ. ಊಟ ಮಧ್ಯಾಹ್ನ ಒಂದಕ್ಕೆ. ಅಂದರೆ ಬೆಳಗಿನ ಜಾವ ಬೇಯಿಸಿದ ಅನ್ನ ಏಳೆಂಟು ಗಂಟೆ ಕೆಡದೆ ಇರಬೇಕು. ಬುತ್ತಿ ಹಳಸಿದರೆ ಎಲ್ಲರೂ ಬಿಸಿಲನ್ನು ದೂರುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಅಡುಗೆಮನೆಯಲ್ಲೇ ಆಗಿರುತ್ತದೆ, ಬಿಸಿ ಆರುವ ಮುಂಚೆಯೇ ಡಬ್ಬಿಗೆ ಮುಚ್ಚಳ ಬಿದ್ದಿರುತ್ತದೆ.

ಅಕ್ಕಿಯ ಅಂದಾಜು ಮೊದಲು. ಒಂದೇ ಕಲಸಿದನ್ನವಾದರೆ ಕಿಲೋ ಅಕ್ಕಿ ಎಂಟರಿಂದ ಹತ್ತು ಜನಕ್ಕೆ. ಎರಡು ಬಗೆ ಇದ್ದಾಗ ಪುಳಿಯೋಗರೆಗೆ 2 ಕಿಲೋ, ಮೊಸರನ್ನಕ್ಕೆ ಒಂದೂಕಾಲು ಕಿಲೋ ಸಾಕು. ಜೊತೆಗೆ ಕೋಡುಬಳೆ, ಕೋಸಂಬರಿ, ಬಾಳೆಹಣ್ಣು ಇದ್ದರೆ ಯಾರೂ ಅರೆಹೊಟ್ಟೆಯಲ್ಲಿ ಏಳುವುದಿಲ್ಲ. ಅಕ್ಕಿ ಹಳೆಯ ಸೋನಾ ಮಸೂರಿಯೇ ಆಗಬೇಕು. ಹೊಸ ಅಕ್ಕಿ ಮುದ್ದೆಗಟ್ಟುತ್ತದೆ, ಗೊಜ್ಜು ಒಳಗೆ ಇಳಿಯುವುದಿಲ್ಲ.

ಗೊಜ್ಜನ್ನು ಎರಡು ದಿನ ಮುಂಚೆ ಕುದಿಸಿಡುತ್ತೇನೆ. ಹಳೆಯ ಕಪ್ಪು ಹುಣಸೆಹಣ್ಣು 250 ಗ್ರಾಂ, ಒಂದು ಲೀಟರ್ ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಕಿವುಚಿದ ರಸ. ದಪ್ಪ ತಳದ ಪಾತ್ರೆಯಲ್ಲಿ 300 ಮಿಲಿ ಎಳ್ಳೆಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಇಂಗು, ಕರಿಬೇವಿನ ಒಗ್ಗರಣೆ. ಅದಕ್ಕೆ ರಸ, ಎರಡು ಚಮಚ ಅರಿಶಿನ, 60 ಗ್ರಾಂ ಉಪ್ಪು, 200 ಗ್ರಾಂ ಬೆಲ್ಲ ಬಿದ್ದು ಸಣ್ಣ ಉರಿಯಲ್ಲಿ 35-40 ನಿಮಿಷ ಕುದಿಯಬೇಕು. ಗೊಜ್ಜು ಪಟಪಟ ಸಿಡಿಯುವುದು ನಿಂತು ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿತು ಅಂದರೆ ನೀರಿನಂಶ ಹೋಯಿತು ಎಂದೇ ಲೆಕ್ಕ. ಸೌಟಿನಲ್ಲಿ ಎತ್ತಿ ಬಿಟ್ಟಾಗ ಜೇನಿನ ಹಾಗೆ ಇಳಿಯಬೇಕು. ಹುಣಸೆಯ ಹಸಿ ವಾಸನೆ ಸ್ವಲ್ಪ ಉಳಿದಿದ್ದರೂ ಇಳಿಸಬೇಡಿ. ಆ ನೀರು ಅನ್ನಕ್ಕೆ ಹೋಗಿ ಬುತ್ತಿ ಬೇಗ ಬೆವರುತ್ತದೆ.

ಪುಡಿಗೆ ಬ್ಯಾಡಗಿ ಮೆಣಸಿನಕಾಯಿ 60 ಗ್ರಾಂ, ಧನಿಯಾ 60 ಗ್ರಾಂ, ಕಾಳುಮೆಣಸು ಒಂದು ದೊಡ್ಡ ಚಮಚ, ಜೀರಿಗೆ, ಸಾಸಿವೆ, ಮೆಂತ್ಯ ಎರಡೆರಡು ಸಣ್ಣ ಚಮಚ. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಕೆಂಪಗಾದ ಕೂಡಲೇ ತೆಗೆಯಬೇಕು, ಕಂದು ತಿರುಗಿದರೆ ಇಡೀ ಗೊಜ್ಜು ಕಹಿ, ಆಮೇಲೆ ಬೆಲ್ಲ ಎಷ್ಟು ಸುರಿದರೂ ಹೋಗದು. ಈ ಪುಡಿಯನ್ನು ಒಲೆ ಆರಿಸಿದ ಮೇಲೆ ಗೊಜ್ಜಿಗೆ ಸೇರಿಸುತ್ತೇನೆ. ಕರಿ ಎಳ್ಳು 50 ಗ್ರಾಂ, ಒಂದು ಗಿಟುಕು ಒಣಕೊಬ್ಬರಿ ಮಾತ್ರ ಪ್ರತ್ಯೇಕವಾಗಿ ಹುರಿದು ಪುಡಿ ಮಾಡಿಟ್ಟು, ಅನ್ನ ಕಲಸುವಾಗ ಹಾಕುವುದು. ಮೊದಲೇ ಗೊಜ್ಜಿನಲ್ಲಿ ಸೇರಿಸಿದರೆ ಘಮ ಕುಂದುತ್ತದೆ. ಹುರಿದ ಕಡಲೆಕಾಯಿ ಬೀಜ 250 ಗ್ರಾಂ ಬೇರೆ ಡಬ್ಬಿಯಲ್ಲೇ ಪ್ರಯಾಣ ಮಾಡಲಿ. ಅನ್ನದೊಳಗೆ ಐದು ಗಂಟೆ ಕೂತ ಬೀಜ ಮೆತ್ತಗಾಗಿ ರಬ್ಬರಿನಂತಾಗುತ್ತದೆ, ಬಡಿಸುವಾಗ ಉದುರಿಸಿದರೆ ಕರುಂ ಎನ್ನುತ್ತದೆ.

ಈಗ ಅನ್ನ. ಬೆಳಗ್ಗೆ ನಾಲ್ಕೂವರೆಗೆ ಏಳೂವರೆ ಲೀಟರಿನ ಕುಕ್ಕರಿನಲ್ಲಿ ಕಿಲೋ ಕಿಲೋ ಅಕ್ಕಿಯಂತೆ ಎರಡು ಸಲ. ಪಾವಿನ ಅಳತೆಯಲ್ಲಿ ಒಂದಕ್ಕೆ ಎರಡು ನೀರು, ಎರಡು ಚಮಚ ಎಣ್ಣೆ. ಆವಿ ತಾನಾಗಿ ಇಳಿದ ತಕ್ಷಣ ಅನ್ನ ಪರಾತಕ್ಕೆ ಬರಬೇಕು. ಒಂದೇ ಪರಾತದಲ್ಲಿ ಗುಡ್ಡೆ ಹಾಕಿದರೆ ಮೇಲೆ ಆರಿದಂತೆ ಕಾಣುತ್ತದೆ, ನಡುವೆ ಬೆರಳಿಟ್ಟರೆ ಸುಡುತ್ತದೆ. ನಾನು ನಾಲ್ಕು ಪರಾತಗಳಲ್ಲಿ ಎರಡು ಬೆರಳಿನಷ್ಟು ದಪ್ಪಕ್ಕೆ ಹರಡುತ್ತೇನೆ. ಮೇಲೆ ಎಳ್ಳೆಣ್ಣೆ 100 ಮಿಲಿ, ಇನ್ನೂ 30 ಗ್ರಾಂ ಉಪ್ಪು ಉದುರಿಸಿ, ಫ್ಯಾನಿನ ಕೆಳಗಿಟ್ಟು, ಹತ್ತು ನಿಮಿಷಕ್ಕೊಮ್ಮೆ ಅಗಲವಾದ ಮರದ ಸೌಟಿನಿಂದ ತಳದ ಅನ್ನ ಮೇಲೆ ಬರುವಂತೆ ಮಗುಚುತ್ತೇನೆ. ಸೌಟಿನ ಅಂಚಿನಿಂದ ಕತ್ತರಿಸಿದ ಹಾಗೆ ಎತ್ತಬೇಕು, ಒತ್ತಿದರೆ ಅಗುಳು ಮುರಿದು ಅಂಟುತ್ತದೆ. ಮುಕ್ಕಾಲು ಗಂಟೆಯಾದ ಮೇಲೆ ನಡುವಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ. ಬಿಸಿ ತಾಗಬಾರದು, ಕೈ ತೆರೆದಾಗ ಅಂಗೈ ಒದ್ದೆ ಇರಬಾರದು, ಉಂಡೆ ಅಲುಗಿಸಿದರೆ ಅಗುಳು ಅಗುಳಾಗಿ ಬಿಡಬೇಕು. ಈ ಮೂರೂ ಆದರೆ ಮಾತ್ರ ಗೊಜ್ಜು, ಎಳ್ಳು-ಕೊಬ್ಬರಿ ಪುಡಿ ಹಾಕಿ ಕಲಸುವುದು. ಗೊಜ್ಜು ಒಂದೇ ಸಲ ಸುರಿಯದೆ ಮುಕ್ಕಾಲು ಪಾಲು ಹಾಕಿ ರುಚಿ ನೋಡಿ. ಕೂತಂತೆ ಹುಳಿ ಏರುತ್ತದೆ.

ಅನ್ನ ಬೆಂದರೂ ಸಾಯದ ಕೆಲವು ಸೂಕ್ಷ್ಮಾಣುಗಳಿವೆ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಅವು ಬೆಳೆದು ವಾಂತಿ ತರಿಸುತ್ತವೆ. ಅದಕ್ಕೇ ಹಾಟ್‌ಪ್ಯಾಕ್‌ನಲ್ಲಿ ಕಲಸಿದನ್ನ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ಅದು ಒಂದೆರಡು ಗಂಟೆಯ ಊಟಕ್ಕೆ ಸರಿ. ಏಳು ಗಂಟೆಯ ಬುತ್ತಿಗೆ ಅಗಲ ಬಾಯಿಯ ಸ್ಟೀಲ್ ಡಬ್ಬಿ, ಒಳಗೆ ಬಾಡಿಸಿ ಒರೆಸಿದ ಬಾಳೆಎಲೆ, ಮೇಲೆ ಎರಡು ಬೆರಳು ಖಾಲಿ. ಮಿನಿ ಬಸ್ಸಿನಲ್ಲಿ ಡಬ್ಬಿಗಳನ್ನು ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೂ ಇಡಬೇಡಿ, ಹಿಂದಿನ ಡಿಕ್ಕಿಯಲ್ಲೂ ಬೇಡ. ಸೀಟಿನ ಕೆಳಗೆ, ಬಿಸಿಲು ಬೀಳದ ಕಡೆ ಸರಿ.

ಮೊಸರನ್ನದ ಗುಟ್ಟು ಮೊಸರನ್ನು ಕಡಿಮೆ ಹಾಕುವುದರಲ್ಲಿದೆ. ಒಂದೂಕಾಲು ಕಿಲೋ ಅಕ್ಕಿಯನ್ನು ಒಂದಕ್ಕೆ ಮೂರೂವರೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಮಸೆದು, ಒಂದು ಚಮಚ ಬೆಣ್ಣೆ, ಕಾಯಿಸಿದ ಎರಡೂವರೆ ಲೀಟರ್ ಹಾಲು ಬೆರೆಸುತ್ತೇನೆ. ಉಗುರುಬೆಚ್ಚಗಾದ ಮೇಲೆ ಬೇಸಿಗೆಯಲ್ಲಿ ಎರಡು ದೊಡ್ಡ ಚಮಚ, ಡಿಸೆಂಬರಿನಲ್ಲಿ ನಾಲ್ಕು ಚಮಚ ಹುಳಿಯಿಲ್ಲದ ಮೊಸರು. ದಾರಿಯಲ್ಲಿ ಅದೇ ಹೆಪ್ಪಾಗಿ, ಒಂದು ಗಂಟೆಗೆ ಮೂಗು ಮುರಿಯುವ ಹುಳಿ ಇಲ್ಲದೆ ತಣ್ಣಗೆ ಇರುತ್ತದೆ. ಹಾಲು ತುಂಬ ಬಿಸಿ ಇರುವಾಗ ಮೊಸರು ಹಾಕಿದರೆ ಹೆಪ್ಪು ಸತ್ತು ನೀರು ಬಿಡುತ್ತದೆ. ಶುಂಠಿ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ ಬೆಳಗ್ಗೆಯೇ ಆಗಲಿ. ಸೌತೆಕಾಯಿ, ದಾಳಿಂಬೆ ಮಾತ್ರ ಅಲ್ಲಿ ಹೋಗಿ ಬೆರೆಸುವುದು, ಈರುಳ್ಳಿ ಬೇಡವೇ ಬೇಡ. ಅನ್ನ ಹಾಲನ್ನೆಲ್ಲ ಹೀರಿ ಗಟ್ಟಿಯಾಗುತ್ತದೆ, ಸಡಿಲಿಸಲು ಒಂದು ಲೀಟರ್ ಮೊಸರು ಬೇರೆಯಾಗಿ ಇರಲಿ.

ಕೋಸಂಬರಿಗೂ ಅದೇ ನ್ಯಾಯ: ನೆನೆಸಿ ನೀರು ಬಸಿದ ಹೆಸರುಬೇಳೆ ಒಂದು ಡಬ್ಬಿ, ಸೌತೆ ಇಡಿಯಾಗಿ ಒಂದು ಚೀಲದಲ್ಲಿ. ಉಪ್ಪು, ನಿಂಬೆ ಬಿದ್ದ ಕೂಡಲೇ ನೀರೊಡೆಯುತ್ತದೆ. ಎಲೆ ಹಾಕಿ ಎಲ್ಲರೂ ಕೂತ ಮೇಲೆ ಕಲಸಿದರೂ ತಡವೇನಿಲ್ಲ.

ಬಿಟ್ಟುಹೋಗುವ ಸಾಮಾನುಗಳು ಯಾವಾಗಲೂ ಅವೇ: ಉಪ್ಪು, ಚಾಕು, ಎರಡನೇ ಸೌಟು, ಕೈ ಒರೆಸುವ ಬಟ್ಟೆ, ಕಸದ ಚೀಲ. ಮುತ್ತುಗದೆಲೆ 35 ಇರಲಿ. ಜಮಖಾನ ಮೂರು. ಕುಡಿಯಲು, ಕೈತೊಳೆಯಲು ತಲೆಗೆ ಎರಡು ಲೀಟರಿನಂತೆ 50 ಲೀಟರ್ ನೀರು.

ಸೋಮನಾಥಪುರ ಬೆಳಗ್ಗೆಯೇ ಮುಗಿಯಲಿ. ಕೇಶವ ದೇವಾಲಯದ ಜಗಲಿಯ ಕಲ್ಲು ಮಧ್ಯಾಹ್ನಕ್ಕೆ ಬರಿಗಾಲಿಗೆ ಸುಡುತ್ತದೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿ ಸೇರಿದ ಗುಡಿ ಅದು, ಆವರಣದೊಳಗೆ ಬುತ್ತಿ ಬಿಚ್ಚುವ ಮಾತೇ ಇಲ್ಲ. ತಲಕಾಡಿನಲ್ಲಿ ಗುಡಿಗಳ ನಡುವೆ ಮರಳಿನಲ್ಲಿ ನಡೆಯಬೇಕು, ಮಂಡಿ ನೋವಿರುವ ಹಿರಿಯರಿಗೆ ವೈದ್ಯೇಶ್ವರ, ಕೀರ್ತಿನಾರಾಯಣ ಎರಡೇ ಸಾಕು. ಊಟ ಮಾತ್ರ ಹೊಳೆಗೆ ಇಳಿಯುವ ಮೊದಲೇ ಆಗುವುದು ಬೇಡ. ಮಕ್ಕಳು ಮೊದಲು ನೀರಾಡಿ, ಮೈ ಒರೆಸಿಕೊಂಡು ಬಂದು ಉಣ್ಣಲಿ, ತುಂಬಿದ ಹೊಟ್ಟೆಯಲ್ಲಿ ಕಾವೇರಿಗೆ ಇಳಿಸಬೇಡಿ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಎಂಬ ಶಾಪದ ಮಾತನ್ನು ಎಚ್ಚರಿಕೆ ಎಂದೇ ತಿಳಿಯಿರಿ. ಮೊಣಕಾಲುದ್ದದ ನೀರಿನಲ್ಲಿ ಕಾಲಡಿಯ ಮರಳು ಒಂದೇ ಹೆಜ್ಜೆಗೆ ಕುಸಿದು ಮಡುವಾಗುವ ನದಿ ಇದು. ಈಜು ಬಲ್ಲ ದೊಡ್ಡವರಿಬ್ಬರು, ಮಕ್ಕಳಿಗಿಂತ ಆಚೆ, ನೀರಿನ ಕಡೆಗೆ ನಿಂತಿರಬೇಕು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿರುವ ದಿನ ದಡದಲ್ಲೇ ಕೂತು ಬನ್ನಿ.

ಉಳಿದ ಮೊಸರನ್ನವನ್ನು ವಾಪಸ್ ತರುವ ಆಸೆ ಬೇಡ. ಪುಳಿಯೋಗರೆ ಎಂಜಲಾಗದೆ, ಒದ್ದೆ ಸೌಟು ತಾಗದೆ ಇದ್ದರೆ ರಾತ್ರಿ ಊಟಕ್ಕೆ ಆದೀತು, ಆದರೆ ಮೂಸಿ ನೋಡಿ. ಬೆಳಗ್ಗೆ ಉಳಿಸಿಟ್ಟ ಕಾಲು ಪಾಲು ಗೊಜ್ಜು ಒಣ ಬಾಟಲಿಯಲ್ಲಿ, ಮೇಲೆ ಎಣ್ಣೆ ನಿಂತಿರುವಷ್ಟು ದಿನ, ಫ್ರಿಜ್ಜಿನಲ್ಲಿ ಒಂದು ತಿಂಗಳು ಚೆನ್ನಾಗಿಯೇ ಇರುತ್ತದೆ.